ಸೂರ್ಯೋದಯ ಸೂರ್ಯಾಸ್ತಗಳ ನಡುವೆ: ಆದವಾನಿ ಸೀಮೆಯಲ್ಲಿ ಝಡತಿಯ ಕಾನೂನು

ಕರ್ನೂಲಿನ ಸೆಷನ್ಸ್ ನ್ಯಾಯಾಲಯದಲ್ಲಿ ಇಂದು ಗಾಂಜಾದ ಮೊಕದ್ದಮೆಯೊಂದು ವಿಚಾರಣೆಗೆ ಬಂದರೆ, ಆರೋಪಿಯ ಪರವಾಗಿ ನಿಂತ ವಕೀಲನು ಗಾಂಜಾದ ಮಾತನ್ನು ಮೊದಲಿಗೆ ಎತ್ತುವುದೇ ಅಪರೂಪ. ಸುಳಿವು ದೊರೆತೊಡನೆ ಅಧಿಕಾರಿಯು ಅದನ್ನು ಬರೆದಿಟ್ಟುಕೊಂಡನೆ, ಮನೆಯ ಹೊಸ್ತಿಲನ್ನು ದಾಟಿದ ವೇಳೆಗೆ ಹೊತ್ತು ಮುಳುಗಿತ್ತೆ, ಮೈಯನ್ನು ಮುಟ್ಟುವುದಕ್ಕೆ ಮುನ್ನ ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಎದುರಿಗೆ ಕರೆದೊಯ್ಯೆಂದು ಕೇಳುವ ಹಕ್ಕು ನಿನಗುಂಟೆಂದು ತಿಳಿಯಹೇಳಿದನೆ, ಮಹಜರಿಗೆ ರುಜು ಹಾಕಿದ ಪಂಚರು ಎಲ್ಲಿಯವರು, ಅವರ ಕಣ್ಣೆದುರಿಗೇ ಅರಗಿನ ಮುದ್ರೆ ಬಿದ್ದಿತೆ ಎಂಬಿವೇ ಅವನ ಪಾಟೀಸವಾಲಿನ ಬಹುಭಾಗವನ್ನು ತುಂಬುತ್ತವೆ. ಕೇಳುವವರಿಗೆ ಇದು ಅಪರಾಧವನ್ನು ಬಿಟ್ಟು ಕಾಗದವನ್ನು ವಿಚಾರಿಸುವ ವಿಲಕ್ಷಣ ಪದ್ಧತಿಯೆಂದು ತೋರೀತು. ಈ ಪ್ರಶ್ನೆಗಳೆಲ್ಲ 1985ರ ಮಾದಕದ್ರವ್ಯಗಳ ಕಾಯಿದೆಯಿಂದ ಹೊರಟವೆಂದು ಜನ ತಿಳಿದಿರುವುದು ಸಹಜವಾದರೂ, ಅವುಗಳಲ್ಲಿ ಮುಖ್ಯವಾದವು ಅದಕ್ಕೆ ನೂರು ವರ್ಷ ಹಿಂದಿನವು. ಮತ್ತು ಅವು ಪ್ರಜೆಯ ಸ್ವಾತಂತ್ರ್ಯದ ಮೇಲಣ ಅಕ್ಕರೆಯಿಂದ ಹುಟ್ಟಿದುವೆಂದು ನನಗೆ ಅನ್ನಿಸುವುದಿಲ್ಲ. ತನ್ನ ಕೈಕೆಳಗಿನ ಅಲ್ಪವೇತನದ ನೌಕರನನ್ನು ನಂಬಲಾರದೆ, ಅವನಿಲ್ಲದೆ ವರಮಾನವನ್ನು ಕಾಯಲೂ ಆರದೆ, ಎರಡರ ನಡುವೆ ತೊಳಲಿದ ಒಂದು ಪ್ರಭುತ್ವದ ಸಂಶಯವೇ ಅವುಗಳ ತಾಯಿಬೇರು. ಆ ಬೇರು ಹಬ್ಬಿದ ನೆಲಗಳಲ್ಲಿ ಕರ್ನೂಲು ಜಿಲ್ಲೆಯ ಆದವಾನಿಯ ಸೀಮೆಯೂ ಒಂದು.

ಆದವಾನಿಯ ಕೋಟೆ ಕೈಯಿಂದ ಕೈಗೆ ಬಿದ್ದ ಕಥೆಯನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ವಿಜಯನಗರದ ಅರಸರು, ಬಿಜಾಪುರದ ಆದಿಲಶಾಹಿಗಳು, ಮೊಗಲರು, ಹೈದರಾಬಾದಿನ ನಿಜಾಮನ ಮನೆತನದವರು ಒಬ್ಬರ ತರುವಾಯ ಒಬ್ಬರು ಅದನ್ನು ಆಳಿದರು. ಮಂಚಾಲೆಯೆಂಬ ಗ್ರಾಮವನ್ನು ರಾಘವೇಂದ್ರಸ್ವಾಮಿಗಳಿಗೆ ಬಿಟ್ಟುಕೊಟ್ಟ ಸಿದ್ದಿ ಮಸೂದಖಾನನು ಬಿಜಾಪುರದ ಪರವಾಗಿ ಇಲ್ಲಿದ್ದವನು. 1786ರಲ್ಲಿ ಟಿಪ್ಪು ಕೋಟೆಯನ್ನು ಹಿಡಿದನು. ತರುವಾಯ ನಿಜಾಮನ ಪಾಲಿಗೆ ಮರಳಿದ ಸೀಮೆಯು 1800ರ ಒಪ್ಪಂದದಂತೆ ಕುಂಪಣಿಯ ವಶವಾಯಿತು. ಹೀಗೆ ಬಿಟ್ಟುಕೊಡಲ್ಪಟ್ಟ ಜಿಲ್ಲೆಗಳಿಗೆ ಥಾಮಸ್ ಮನ್ರೋ ಪ್ರಧಾನ ಕಲೆಕ್ಟರನಾಗಿ ಬಂದು 1807ರವರೆಗೆ ಇದ್ದನು. ಮರುವರ್ಷ ಸೀಮೆಯನ್ನು ಎರಡಾಗಿ ಒಡೆದಾಗ ಆದವಾನಿಯು ಬಳ್ಳಾರಿಯ ಜಿಲ್ಲೆಗೆ ಸೇರಿತು. ಅಂದಿನಿಂದ 1953ರವರೆಗೆ, ಆದವಾನಿ, ಆಲೂರು, ಕೌತಾಳ, ಕೋಸಿಗಿ, ಹೊಳಗುಂದಗಳ ರೈತನಿಗೆ ಸರ್ಕಾರವೆಂದರೂ ನ್ಯಾಯಾಲಯವೆಂದರೂ ಜೈಲೆಂದರೂ ಬಳ್ಳಾರಿಯೇ ಆಗಿತ್ತು.

ಮನ್ರೋವಿನ ಕೀರ್ತಿಯು ರೈತವಾರಿಯಿಂದ ಬಂದುದು. ಆದರೆ ನಮ್ಮ ವಿಷಯಕ್ಕೆ ಅವನ ಇನ್ನೊಂದು ಕೆಲಸವೇ ಹೆಚ್ಚು ಸಂಬಂಧಪಟ್ಟುದು. ಊರ ಗೌಡನೂ ತಳವಾರನೂ ತಲೆತಲಾಂತರದಿಂದ ಮಾಡಿಕೊಂಡು ಬಂದಿದ್ದ ಕಾವಲನ್ನು ಕಿತ್ತೊಗೆದು, ದಾರೋಗನೆಂಬ ಹೊರಗಿನವನನ್ನು ಕುಳ್ಳಿರಿಸಿದ ಬಂಗಾಳದ ಏರ್ಪಾಡು ಅವನಿಗೆ ಒಪ್ಪಿಗೆಯಾಗಲಿಲ್ಲ. ಅವನ ಒತ್ತಾಯದಿಂದ ಹುಟ್ಟಿದ 1816ರ ಮದರಾಸು ರೆಗ್ಯುಲೇಷನ್ನುಗಳು ಗ್ರಾಮದ ಮುಖ್ಯಸ್ಥನನ್ನೇ ಗ್ರಾಮದ ಪೋಲೀಸಿಗೂ ಮುಖ್ಯಸ್ಥನನ್ನಾಗಿ ಮಾಡಿದವು. ತಳವಾರನು ಅವನ ಕೈಯಾಳಾದನು. ತಾಲ್ಲೂಕಿನಲ್ಲಿ ಆ ಅಧಿಕಾರವು ತಹಶೀಲ್ದಾರನಿಗೂ, ಜಿಲ್ಲೆಯಲ್ಲಿ ಮ್ಯಾಜಿಸ್ಟ್ರೇಟನ ಪದವಿಯು ಕಲೆಕ್ಟರನಿಗೂ ಸಂದಿತು. ಊರನ್ನು ಬಲ್ಲವನೇ ಊರನ್ನು ಕಾಯಲೆಂಬ ಈ ವಿಚಾರದಲ್ಲಿ ವಿವೇಕವಿತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಕಂದಾಯವನ್ನು ವಸೂಲು ಮಾಡುವ ಕೈಯೇ ಕಳವನ್ನು ಪತ್ತೆಮಾಡುವ ಕೈಯೂ ಆದಾಗ, ಬಾಕಿದಾರನಿಗೂ ಕಳ್ಳನಿಗೂ ಒಂದೇ ಉಪಚಾರವು ನಡೆಯತೊಡಗಿದುದು ಅನಿವಾರ್ಯವಾಯಿತು.

ಆ ಉಪಚಾರವು ಎಂತಹುದೆಂಬುದು ಪಾರ್ಲಿಮೆಂಟಿನ ಕಿವಿಗೆ ಬಿದ್ದು, 1855ರಲ್ಲಿ ಮದರಾಸಿನ ಹಿಂಸಾವಿಚಾರಣಾ ಆಯೋಗದ ವರದಿ ಹೊರಬಿದ್ದಿತು. ಎಲಿಯಟ್, ಸ್ಟೋಕ್ಸ್, ಜಾನ್ ಬ್ರೂಸ್ ನಾರ್ಟನ್ ಎಂಬ ಮೂವರು ಅದರ ಸದಸ್ಯರು. ಇವರಲ್ಲಿ ಕೊನೆಯವನು ವಕೀಲ. ಬೆರಳುಗಳನ್ನು ಎರಡು ಕೋಲುಗಳ ನಡುವೆ ಸಿಕ್ಕಿಸಿ ಹಿಂಡುವ ಕಿಟ್ಟಿ, ಕೊರಳನ್ನು ಕಾಲ್ಬೆರಳಿಗೆ ಹಗ್ಗದಿಂದ ಬಿಗಿದು ಬಿಸಿಲಿನಲ್ಲಿ ಬಗ್ಗಿಸಿ ನಿಲ್ಲಿಸುವುದು, ಇಂಥವೆಲ್ಲವೂ ಕಂದಾಯಕ್ಕಾಗಿಯೂ ತಪ್ಪೊಪ್ಪಿಗೆಗಾಗಿಯೂ ನಡೆಯುತ್ತಿದ್ದುದು ನಿಜವೆಂದು ವರದಿ ಒಪ್ಪಿಕೊಂಡಿತು. ದೋಷವೆಲ್ಲ ದೇಶೀಯರಾದ ಕೆಳನೌಕರರದೆಂದೂ, ಆಂಗ್ಲ ಅಧಿಕಾರಿಗಳಿಗೆ ಇದರಲ್ಲಿ ಕಳಂಕವಿಲ್ಲವೆಂದೂ ಅದು ಹೇಳಿದ ಮಾತು ಆಳುವವರಿಗೆ ಅನುಕೂಲವಾದದ್ದು. ಆ ಮಾತಿನ ಬೆಲೆ ಎಷ್ಟೆಂದು ಓದುಗರೇ ಎಣಿಸಿಕೊಳ್ಳಬಹುದು. ಆದರೂ ಅದರ ಫಲ ದೂರಗಾಮಿಯಾಯಿತು. 1859ರ ಮದರಾಸು ಪೋಲೀಸ್ ಕಾಯಿದೆಯಿಂದ ಪೋಲೀಸು ಕಂದಾಯದಿಂದ ಬೇರ್ಪಟ್ಟಿತು. 1861ರ ದಂಡಪ್ರಕ್ರಿಯಾ ಸಂಹಿತೆಯಲ್ಲಿಯೂ, ಅಲ್ಲಿಂದ 1872ರ ಸಾಕ್ಷ್ಯ ಕಾಯಿದೆಯ 25ನೆಯ ಕಲಮಿನಲ್ಲಿಯೂ, ಪೋಲೀಸು ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡಕೂಡದೆಂಬ ನಿಯಮ ಬಂದಿತು.

ಈ ನಿಯಮದ ಪರಿಣಾಮವೊಂದನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಹಿಡಿದವನ ಬಾಯಿಂದ ಬಂದುದು ಸಾಕ್ಷ್ಯವಾಗದೆಂದಾದ ಮೇಲೆ, ಅವನ ಮನೆಯಿಂದ ಬಂದುದೇ ಸಾಕ್ಷ್ಯವಾಗಬೇಕಾಯಿತು. ಮಾತಿನ ಸ್ಥಾನವನ್ನು ವಸ್ತು ಆಕ್ರಮಿಸಿತು. ಠಾಣೆಯ ಕತ್ತಲೆಯಲ್ಲಿ ನಡೆಯುತ್ತಿದ್ದುದು ಹಿತ್ತಿಲ ಬಣವೆಯ ಬುಡಕ್ಕೆ, ಅಟ್ಟದ ಮೇಲಣ ಗಡಿಗೆಯೊಳಕ್ಕೆ ಸಾಗಿತು. ಅದೇ ಕಾಯಿದೆಯ 27ನೆಯ ಕಲಮು, ಆರೋಪಿಯ ಹೇಳಿಕೆಯಿಂದ ಏನಾದರೂ ಪತ್ತೆಯಾದಲ್ಲಿ ಆ ಪತ್ತೆಗೆ ಸಂಬಂಧಪಟ್ಟಷ್ಟು ಮಾತನ್ನು ಮಾತ್ರ ಸಾಕ್ಷ್ಯವೆಂದು ತೆಗೆದುಕೊಳ್ಳಬಹುದೆಂದು ಒಂದು ಕಿರುಬಾಗಿಲನ್ನು ತೆರೆದಿಟ್ಟಿತು. ಆ ಬಾಗಿಲಿನ ಅಗಲವೆಷ್ಟೆಂಬುದನ್ನು 1946ರ ಡಿಸೆಂಬರಿನಲ್ಲಿ ಪ್ರಿವಿ ಕೌನ್ಸಿಲು ನಿರ್ಣಯಿಸಿದ ಪುಲುಕುರಿ ಕೊಟ್ಟಯ್ಯ ಪ್ರಕರಣವು, ಇದೇ ಮದರಾಸು ಪ್ರಾಂತದ ಗುಂಟೂರು ಜಿಲ್ಲೆಯಿಂದ ಹೋದದ್ದು. ಇಂದಿಗೂ ಭಾರತದ ಯಾವ ಮೂಲೆಯ ವಕೀಲನಾದರೂ ಜಪ್ತಿಯ ಮಾತು ಬಂದಾಗ ಆ ತೆಲುಗು ಆರೋಪಿಯ ಹೆಸರನ್ನು ಉಚ್ಚರಿಸದೆ ಇರಲಾರ.

ಇನ್ನು ಝಡತಿಗೆ, ಅಂದರೆ ಶೋಧನೆಗೆ, ಗುರಿಯಾದ ವಸ್ತುಗಳ ವಿಷಯ. ಮನೆಮನೆಯ ಶೋಧನೆಯು ಈ ಸೀಮೆಯಲ್ಲಿ ಮೊದಲು ರೂಢವಾದದ್ದು ಅಫೀಮಿನಿಂದಲ್ಲ, ಗಾಂಜಾದಿಂದಲೂ ಅಲ್ಲ, ಉಪ್ಪಿನಿಂದ. ಸಮುದ್ರದಿಂದ ಬಹುದೂರವಾದ ಬಳ್ಳಾರಿಯ ಜಿಲ್ಲೆಯಲ್ಲಿ ಉಪ್ಪಾರರು ಚೌಳುಮಣ್ಣನ್ನು ದಿಬ್ಬಗಳಾಗಿ ಒಟ್ಟಿ, ನೀರು ಬಸಿದು, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಿದ್ದರು. ಬಡವರ ಅಂಬಲಿಗೆ ಅದೇ ಸಾಕಾಗಿತ್ತು. ಉಪ್ಪಿನ ಸುಂಕವು ಸರ್ಕಾರದ ದೊಡ್ಡ ಆದಾಯಗಳಲ್ಲೊಂದಾಗಿದ್ದ ಕಾಲದಲ್ಲಿ ಮಣ್ಣಿನಿಂದ ಬರುವ ಈ ಉಪ್ಪು ಆ ಆದಾಯಕ್ಕೆ ಶತ್ರುವಾಗಿ ಕಂಡಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಆ ಕಸುಬನ್ನು ಅದುಮಿಹಾಕಲಾಯಿತು. 1889ರ ಮದರಾಸು ಸಾಲ್ಟ್ ಕಾಯಿದೆಯಿಂದ ಇಲಾಖೆಯ ನೌಕರರಿಗೆ ಹೊಕ್ಕು ನೋಡುವ, ಹಿಡಿಯುವ ಅಧಿಕಾರಗಳು ದೃಢಪಟ್ಟವು. ಉಪ್ಪಿನ ಇಲಾಖೆಯೂ ಅಬ್ಕಾರಿಯ ಇಲಾಖೆಯೂ ಒಂದೇ ಆಗಿದ್ದುವಾದ್ದರಿಂದ, ಉಪ್ಪಿನ ದಿಬ್ಬವನ್ನು ಕೆದಕಿದ ಜವಾನನೇ ಈಚಲ ಹೆಂಡದ ಗಡಿಗೆಯನ್ನೂ ಮೂಸಿ ನೋಡುತ್ತಿದ್ದನು. 1886ರ ಮದರಾಸು ಅಬ್ಕಾರಿ ಕಾಯಿದೆಯು ಹೆಂಡ, ಸಾರಾಯಿ, ಗಾಂಜಾಗಳನ್ನು ಒಂದೇ ಹಗ್ಗದಲ್ಲಿ ಕಟ್ಟಿತು. ಗುತ್ತೇದಾರನು ಸರ್ಕಾರಕ್ಕೆ ಹಣ ತೆತ್ತು ಮಾರಾಟದ ಹಕ್ಕನ್ನು ಕೊಂಡವನು. ಅವನ ಗುತ್ತೆಯ ಹೊರಗೆ ಇಳಿದ ಹೆಂಡವು ಅವನಿಗೂ ನಷ್ಟ, ಸರ್ಕಾರಕ್ಕೂ ನಷ್ಟ. ಹೀಗಾಗಿ ಅಬ್ಕಾರಿಯ ಝಡತಿಯಲ್ಲಿ ಸುಳಿವು ಕೊಡುವವನು ಹೆಚ್ಚಾಗಿ ಗುತ್ತೇದಾರನ ಆಳೇ ಆಗಿರುತ್ತಿದ್ದುದು ಆಶ್ಚರ್ಯವಲ್ಲ.

ಅಫೀಮಿನ ಕಾಯಿದೆ ಇದಕ್ಕೂ ಹಿಂದಿನದು. ಬಳ್ಳಾರಿ ಜಿಲ್ಲೆಯನ್ನು ಧಾತು, ಈಶ್ವರ ಸಂವತ್ಸರಗಳ ಬರ ಹಣ್ಣುಮಾಡಿ ಹೋದ 1878ರಲ್ಲಿಯೇ ಅದು ಹೊರಟಿತು. ಅಫೀಮಿನ ಸೇವನೆ ಈ ಒಣಸೀಮೆಯಲ್ಲಿ ಹೆಚ್ಚಿನದೇನೂ ಆಗಿರಲಿಲ್ಲ. ಮದರಾಸು ಪ್ರಾಂತದಲ್ಲಿ ಅದು ಬಲವಾಗಿದ್ದುದು ಗೋದಾವರಿ, ವಿಶಾಖಪಟ್ಟಣಗಳ ಮಲೆರೋಗದ ಕಾಡುಗಳಲ್ಲಿ. ಆದರೆ ಕಾಯಿದೆಯ ಮಾತುಗಳು ಎಲ್ಲ ಕಡೆಗೂ ಒಂದೇ. ಜವಾನ ಅಥವಾ ಕಾನ್‌ಸ್ಟೇಬಲನಿಗಿಂತ ಮೇಲಿನ ದರ್ಜೆಯ, ಸರ್ಕಾರದಿಂದ ಅಧಿಕಾರ ಪಡೆದ ನೌಕರನು, ತನ್ನ ಸ್ವಂತ ತಿಳಿವಳಿಕೆಯಿಂದಾಗಲಿ, ಯಾರಾದರೂ ಕೊಟ್ಟು ಬರಹದಲ್ಲಿ ಇಳಿಸಿಕೊಂಡ ಸುಳಿವಿನಿಂದಾಗಲಿ, ಇಂಥ ಕಟ್ಟಡದಲ್ಲಿ ಅಕ್ರಮ ಅಫೀಮು ಬಚ್ಚಿಡಲ್ಪಟ್ಟಿದೆಯೆಂದು ನಂಬಲು ಕಾರಣವಿದ್ದಲ್ಲಿ, ಸೂರ್ಯೋದಯಕ್ಕೂ ಸೂರ್ಯಾಸ್ತಕ್ಕೂ ನಡುವೆ ಒಳಹೊಗಬಹುದು, ಬಾಗಿಲನ್ನು ಒಡೆಯಬಹುದು, ವಶಪಡಿಸಿಕೊಳ್ಳಬಹುದು: ಇದು ಆ ಕಾಯಿದೆಯ 14ನೆಯ ಕಲಮಿನ ಸಾರಾಂಶ. 15ನೆಯದು ಬಯಲಿನಲ್ಲಿಯೂ ಸಾಗಾಟದಲ್ಲಿಯೂ ಸಿಕ್ಕ ಮಾಲಿನ ವಿಷಯ. ಅಲ್ಲಿ ಬರಹದ ಷರತ್ತೂ ಇಲ್ಲ, ಹೊತ್ತಿನ ಷರತ್ತೂ ಇಲ್ಲ.

ಈ ಕಲಮನ್ನು ಒಂದೊಂದು ಷರತ್ತಾಗಿ ಬಿಡಿಸಿ ನೋಡುವುದು ಲಾಭಕರ. ಜವಾನನಿಗೂ ಕಾನ್‌ಸ್ಟೇಬಲನಿಗೂ ಅಧಿಕಾರವಿಲ್ಲವೇಕೆ? ತಿಂಗಳಿಗೆ ಕೆಲವೇ ರೂಪಾಯಿಗಳ ಸಂಬಳದವನು ಅಫೀಮನ್ನು ತಾನೇ ಇಟ್ಟು ತಾನೇ ತೆಗೆದಾನೆಂಬ ಭಯ. ಸುಳಿವನ್ನು ಬರೆದಿಡಬೇಕೇಕೆ? ಹಗೆಯವನ ಚಾಡಿಯನ್ನು ಕೇಳಿ ಹೊಕ್ಕು, ಆಮೇಲೆ ಯಾರೂ ಹೇಳಲೇ ಇಲ್ಲವೆಂದು ನುಣುಚಿಕೊಂಡಾನೆಂಬ ಭಯ. ಅಥವಾ ಸುಳಿವನ್ನೇ ಮಾರಿಕೊಂಡು ಹೊಗದೆಯೇ ಹಿಂದಿರುಗಿಯಾನೆಂಬ ಭಯ. ಹಗಲಿನಲ್ಲಿಯೇ ಏಕೆ? ರಾತ್ರಿಯ ಕತ್ತಲೆಯಲ್ಲಿ ಮನೆಯ ಹೆಂಗಸರ ನಡುವೆ ನುಗ್ಗಿದಲ್ಲಿ ದೊಂಬಿಯಾಗಿ, ಒಂದು ತೊಲ ಅಫೀಮಿಗಾಗಿ ಊರನ್ನೇ ಕಳೆದುಕೊಂಡೇವೆಂಬ ಭಯ. ಕಿರುಕುಳಕ್ಕಾಗಿ ಹೊಕ್ಕು ಹುಡುಕಿದ ಅಧಿಕಾರಿಗೆ ದಂಡ ವಿಧಿಸುವ ಕಲಮೂ ಅದರಲ್ಲಿಯೇ ಇತ್ತು. 1855ರ ವರದಿಯನ್ನು ಓದಿದವರೇ ಈ ಎಲ್ಲ ಎಚ್ಚರಿಕೆಗಳನ್ನು ಬರೆದರೋ ಇಲ್ಲವೋ, ಅದು ಉಳಿಸಿಹೋದ ನೆನಪು ಆ ಕಾಲದ ಆಡಳಿತದ ಗಾಳಿಯಲ್ಲಿಯೇ ಬೆರೆತಿತ್ತು. ಪ್ರಜೆಗೆ ಸಿಕ್ಕಿದ ರಕ್ಷಣೆಯು ನೌಕರನ ಮೇಲಿನ ಅವಿಶ್ವಾಸದ ಮಿಗತೆ.

ಅದೇ 1878ರಲ್ಲಿ ಇನ್ನೊಂದು ಕಾಯಿದೆಯೂ ಹೊರಟಿತು. ಅದರ ಸಂಬಂಧವನ್ನು ಆದವಾನಿಯ ಕಪ್ಪುನೆಲದಲ್ಲಿ ಯಾರೂ ಊಹಿಸಿರಲಾರರು. ಅದು ಸಮುದ್ರ ಸುಂಕದ ಕಾಯಿದೆ. ಹಡಗಿನಿಂದ ಇಳಿದ ಪ್ರಯಾಣಿಕನ ಮೈಯನ್ನು ಸುಂಕದವರು ತಡವುವುದಕ್ಕೆ ಮುಂಚೆ, ತನ್ನನ್ನು ಸಮೀಪದ ಮ್ಯಾಜಿಸ್ಟ್ರೇಟನ ಅಥವಾ ಸುಂಕದ ಕಲೆಕ್ಟರನ ಎದುರಿಗೆ ಕರೆದೊಯ್ಯಬೇಕೆಂದು ಅವನು ಕೇಳಬಹುದೆಂದು ಆ ಕಾಯಿದೆಯಲ್ಲಿದ್ದಿತು. ಹಡಗಿನಲ್ಲಿ ಬರುವವರು ಯಾರು, ಅವರ ಅಂಗಿಯ ಜೇಬಿಗೆ ಕಂದು ಬಣ್ಣದ ಕೈ ಹೋಗುವುದು ಯಾರಿಗೆ ಸಹಿಸದು ಎಂಬುದನ್ನು ನೆನೆದರೆ ಈ ಔದಾರ್ಯದ ಕಾರಣ ಹೊಳೆದೀತು. ಬಂದರಿನ ಆ ಸೌಜನ್ಯವು 1962ರ ಸುಂಕದ ಕಾಯಿದೆಯಲ್ಲಿ ಮುಂದುವರಿದು, 1985ರಲ್ಲಿ ಮಾದಕದ್ರವ್ಯಗಳ ಕಾಯಿದೆಯ 50ನೆಯ ಕಲಮಿನಲ್ಲಿ ಮತ್ತೆ ಕಾಣಿಸಿಕೊಂಡಿತು.

ಗಾಂಜಾದ ಮಾತಿಗೆ ಬಂದರೆ, 1893ರಲ್ಲಿ ನೇಮಕವಾದ ಭಾರತೀಯ ಹೆಂಪ್ ಡ್ರಗ್ಸ್ ಆಯೋಗವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮ್ಯಾಕ್‌ವರ್ತ್ ಯಂಗ್ ಅದರ ಅಧ್ಯಕ್ಷನು. ಸಾವಿರಕ್ಕೂ ಮಿಕ್ಕ ಸಾಕ್ಷಿಗಳ ಹೇಳಿಕೆಗಳನ್ನು ಅದು ಸಂಗ್ರಹಿಸಿತು. ಮಿತವಾದ ಸೇವನೆಯಿಂದ ವಿಶೇಷ ಹಾನಿಯಿಲ್ಲ, ಸಂಪೂರ್ಣ ನಿಷೇಧವು ಅನಗತ್ಯ, ತೆರಿಗೆ ಹಾಕಿ ಹತೋಟಿಯಲ್ಲಿಡುವುದೇ ಲೇಸು ಎಂದು ಅದು 1894ರಲ್ಲಿ ತೀರ್ಮಾನಿಸಿತು. ಬೈರಾಗಿಗಳು, ಫಕೀರರು, ಅವಧೂತರು ಚಿಲುಮೆಯನ್ನು ಹಚ್ಚಿ ಕುಳಿತಿರುತ್ತಿದ್ದ ತುಂಗಭದ್ರೆಯ ದಡದ ಜನಕ್ಕೆ ಈ ತೀರ್ಪಿನಲ್ಲಿ ಹೊಸದೇನೂ ಇದ್ದಿರಲಾರದು. ಹೂತೆನೆಯು ಗಾಂಜಾ, ಅಂಟು ಚರಸ್, ಎಲೆ ಭಂಗಿ ಎಂದು ಮೂರಾಗಿ ವಿಂಗಡಿಸಿ ನೋಡುವ ಕ್ರಮವನ್ನು ಆ ವರದಿಯೂ ಅನುಸರಿಸಿತು. ತೊಂಬತ್ತೊಂದು ವರ್ಷಗಳ ಮೇಲೆ ಬಂದ ಕಾಯಿದೆಯು, ತೆನೆ ಕೂಡಿಲ್ಲದ ಎಲೆ, ಬೀಜಗಳನ್ನು ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಾಗ ಆ ವಿಂಗಡಣೆಯೇ ಮರುಕಳಿಸಿತು. ತೂಕದ ಮೇಲೆ ಶಿಕ್ಷೆ ನಿಂತಿರುವ ಇಂದಿನ ದಿನಗಳಲ್ಲಿ ಈ ಸಸ್ಯಶಾಸ್ತ್ರವು ಎಷ್ಟು ವರ್ಷಗಳ ಸೆರೆವಾಸವನ್ನು ತೂಗುತ್ತದೆಂಬುದನ್ನು ಮುಂದೆ ಹೇಳುತ್ತೇನೆ.

ಝಡತಿಯ ವಿಧಿಯಲ್ಲಿ ಪಂಚರ ಪಾತ್ರವೇ ಅತ್ಯಂತ ಕುತೂಹಲಕರವಾದದ್ದು. 1898ರ ದಂಡಪ್ರಕ್ರಿಯಾ ಸಂಹಿತೆಯ 103ನೆಯ ಕಲಮು, ಆ ಸ್ಥಳದ ಇಬ್ಬರು ಅಥವಾ ಹೆಚ್ಚಿನ ಗೌರವಸ್ಥ ನಿವಾಸಿಗಳನ್ನು ಕರೆದು ಅವರ ಸಮಕ್ಷಮದಲ್ಲಿ ಶೋಧನೆ ನಡೆಸಿ, ಸಿಕ್ಕಿದ ವಸ್ತುಗಳ ಪಟ್ಟಿಯನ್ನು ಬರೆದು ಅವರ ರುಜು ತೆಗೆದುಕೊಳ್ಳಬೇಕೆಂದು ವಿಧಿಸಿತು. ಹಳ್ಳಿಯಲ್ಲಿ ಗೌರವಸ್ಥನೆಂದರೆ ಯಾರು? ಓದುಬರಹ ಬಲ್ಲ ಶಾನುಭೋಗ, ಮುನಸೀಬನೆನಿಸಿಕೊಂಡ ರೆಡ್ಡಿ ಅಥವಾ ಗೌಡ, ಮತ್ತು ಅವರು ಕರೆತಂದ ಒಬ್ಬ ಸಾಹುಕಾರ. ಅಂದರೆ ನೌಕರನನ್ನು ನಂಬದೆ ಸರ್ಕಾರವು ಕರೆಸಿದ ಸಾಕ್ಷಿಗಳು ಬಹುಮಟ್ಟಿಗೆ ಸರ್ಕಾರದ ನೌಕರರೇ ಆಗಿದ್ದರು. ಊರಿನ ಮಾದಿಗರ, ಉಪ್ಪಾರರ, ಬೇಡರ ಮನೆಯನ್ನು ಶೋಧಿಸುವಾಗ ಅವರಲ್ಲಿಯೇ ಇಬ್ಬರನ್ನು ಗೌರವಸ್ಥರೆಂದು ಎಣಿಸಿ ಕರೆದ ದಫೇದಾರನು ಇದ್ದಿದ್ದರೆ ಅವನನ್ನು ನಾನು ಅಸಾಧಾರಣ ಮನುಷ್ಯನೆಂದು ಕರೆಯುತ್ತಿದ್ದೆ. ಹೀಗಿದ್ದೂ ಮಹಜರೆಂಬ ಆ ಕಾಗದವು ವಕೀಲನ ಕೈಗೆ ಒಂದು ಆಯುಧವನ್ನು ಕೊಟ್ಟಿತು. ಇಬ್ಬರು ಪಂಚರನ್ನು ಬೇರೆಬೇರೆಯಾಗಿ ಕಟಕಟೆಗೆ ಹತ್ತಿಸಿ, ಗಡಿಗೆ ಯಾವ ಮೂಲೆಯಲ್ಲಿತ್ತು, ದೀಪ ಹಿಡಿದವನಾರು, ಕಾಗದವನ್ನು ಅಲ್ಲಿ ಬರೆದರೋ ಚಾವಡಿಯಲ್ಲಿ ಬರೆದರೋ ಎಂದು ಕೇಳಿದಾಗ, ಒಬ್ಬನ ಉತ್ತರಕ್ಕೂ ಮತ್ತೊಬ್ಬನ ಉತ್ತರಕ್ಕೂ ಹೊಂದಾಣಿಕೆ ತಪ್ಪಿದರೆ ಸಾಕು, ಮೊಕದ್ದಮೆಯ ಗೋಡೆ ಬಿರುಕು ಬಿಡುತ್ತಿತ್ತು.

ಇಂಥ ಪಾಟೀಸವಾಲಿನ ಕಲೆಯಲ್ಲಿ ಬಳ್ಳಾರಿಯ ವಕೀಲವರ್ಗಕ್ಕೆ ಕೊರತೆಯಿರಲಿಲ್ಲ. ಆ ಊರಿನ ವಿಶೇಷವೇನೆಂದರೆ, ನ್ಯಾಯಾಲಯವೂ ರಂಗಭೂಮಿಯೂ ಅಲ್ಲಿ ಒಂದೇ ಜನರ ಕೈಯಲ್ಲಿದ್ದುವು. ನಾಟಕಕರ್ತರಾದ ಧರ್ಮವರಂ ರಾಮಕೃಷ್ಣಮಾಚಾರ್ಯರೂ ಕೋಲಾಚಲಂ ಶ್ರೀನಿವಾಸರಾಯರೂ ವಕೀಲರು. ರಾಮಕೃಷ್ಣಮಾಚಾರ್ಯರ ಸೋದರಳಿಯನಾದ ಬಳ್ಳಾರಿ ರಾಘವನು ನಟಶ್ರೇಷ್ಠನೆಂದು ಹೆಸರಾದಂತೆಯೇ ಕ್ರಿಮಿನಲ್ ವಕೀಲನೆಂದೂ ಹೆಸರಾದವನು. 1880ರಲ್ಲಿ ಹುಟ್ಟಿ 1946ರಲ್ಲಿ ತೀರಿಕೊಂಡ ಆತನು ತೆಲುಗು, ಕನ್ನಡ, ಇಂಗ್ಲಿಷುಗಳಲ್ಲಿ ಪಾತ್ರ ವಹಿಸಬಲ್ಲವನಾಗಿದ್ದನು. ಮಾತಿನ ನಡುವೆ ಎಲ್ಲಿ ನಿಲ್ಲಬೇಕು, ಎಲ್ಲಿ ಸುಮ್ಮನೆ ನೋಡಬೇಕು ಎಂಬುದನ್ನು ರಂಗದ ಮೇಲೆ ಕಲಿತವನ ಎದುರಿಗೆ, ಠಾಣೆಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದ ಪಂಚನ ಗತಿ ಏನಾಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ಆದರೆ ಬಳ್ಳಾರಿಯವರೆಗೆ ರೈಲುಗಾಡಿಯಲ್ಲಿ ಹೋಗಿ ಅಂಥ ವಕೀಲನನ್ನು ಹಿಡಿಯುವುದು ಆದವಾನಿಯ ಹತ್ತಿಯ ವರ್ತಕನಿಗೆ ಸಾಧ್ಯವಾದೀತೇ ಹೊರತು, ಎರಡು ಸೇರು ಹೆಂಡ ಇಳಿಸಿ ಸಿಕ್ಕಿಬಿದ್ದ ಈಡಿಗನಿಗೆ ಸಾಧ್ಯವಾಗುವಂಥದಲ್ಲ. ಅವನು ಸಾಮಾನ್ಯವಾಗಿ ತಪ್ಪೊಪ್ಪಿಕೊಂಡು ಜುಲ್ಮಾನೆ ಕಟ್ಟಿ ಮನೆಗೆ ಬರುತ್ತಿದ್ದನು.

ಪಾನನಿರೋಧವು ಬಂದಮೇಲೆ ಝಡತಿಯು ನಿತ್ಯಕರ್ಮವಾಯಿತು. ರಾಜಾಜಿಯವರ ಸರ್ಕಾರವು 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಆರಂಭಿಸಿದ ಪ್ರಯೋಗವು ಯುದ್ಧಕಾಲದಲ್ಲಿ ಕುಂಠಿತವಾಗಿ, ಸ್ವಾತಂತ್ರ್ಯದ ತರುವಾಯ 1948ರ ಗಾಂಧೀಜಯಂತಿಯ ವೇಳೆಗೆ ಮದರಾಸು ಪ್ರಾಂತವನ್ನೆಲ್ಲ ವ್ಯಾಪಿಸಿತು. ಆದವಾನಿ ತಾಲ್ಲೂಕಿಗೆ ಉತ್ತರದ ಎಲ್ಲೆಯಾದ ತುಂಗಭದ್ರೆಯ ಆಚೆಯ ದಡವು ಆಗತಾನೆ ಭಾರತಕ್ಕೆ ಸೇರಿದ ಹೈದರಾಬಾದಿನ ರಾಯಚೂರು ಜಿಲ್ಲೆ. ಅಬ್ಕಾರಿಯು ಅಲ್ಲಿಯ ಬೊಕ್ಕಸದ ಮುಖ್ಯಾಧಾರಗಳಲ್ಲೊಂದು. ಬೇಸಗೆಯಲ್ಲಿ ಕಾಲುನಡಿಗೆಯಿಂದ ದಾಟಬಹುದಾದ ಹೊಳೆಯ ಒಂದು ದಡದಲ್ಲಿ ಅಪರಾಧವಾದದ್ದು ಮತ್ತೊಂದು ದಡದಲ್ಲಿ ವ್ಯಾಪಾರವಾಗಿರುವಾಗ ಕಾನೂನು ಎಷ್ಟರ ಮಟ್ಟಿಗೆ ಗೆದ್ದೀತು? ಮೇಲಾಗಿ 1953ರ ಅಕ್ಟೋಬರು 1ರಂದು ಆಂಧ್ರರಾಜ್ಯವು ಹುಟ್ಟಿ, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಕಳಚಿ ಆಂಧ್ರಕ್ಕೆ ಹೋದವು; ಬಳ್ಳಾರಿಯು ಮೈಸೂರಿಗೆ ಬಂದಿತು. ಒಂದೇ ಜಿಲ್ಲೆಯ ಎದೆಯ ಮೇಲೆ ರಾಜ್ಯದ ಗಡಿ ಎಳೆಯಲ್ಪಟ್ಟಿತು. ಮನೆಮಾತು ಕನ್ನಡವಾದ ಸಾವಿರಾರು ಕುಟುಂಬಗಳಿಗೆ ಹತ್ತಿರದ ಬಳ್ಳಾರಿಯ ಕೋರ್ಟು ಪರರಾಜ್ಯದ್ದಾಯಿತು; ದೂರದ ಕರ್ನೂಲು ತಮ್ಮದಾಯಿತು; ಹೈಕೋರ್ಟು ಮದರಾಸನ್ನು ಬಿಟ್ಟು 1954ರಲ್ಲಿ ಗುಂಟೂರಿಗೆ, 1956ರಲ್ಲಿ ಹೈದರಾಬಾದಿಗೆ, 2019ರಲ್ಲಿ ಅಮರಾವತಿಗೆ ಸಂಚರಿಸಿತು.

1954ನೆಯ ವರ್ಷದಲ್ಲಿ ಎರಡು ಸಂಗತಿಗಳು ನಡೆದವು. ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಎಂಟು ನ್ಯಾಯಮೂರ್ತಿಗಳ ಪೀಠವು ಎಂ. ಪಿ. ಶರ್ಮಾ ಪ್ರಕರಣದಲ್ಲಿ, ಶೋಧನಾಧಿಕಾರವು ಸಮಾಜದ ಭದ್ರತೆಗಾಗಿ ರಾಜ್ಯಕ್ಕೆ ಇರುವ ಪ್ರಬಲಾಧಿಕಾರವೆಂದೂ, ಅಮೆರಿಕೆ ತನ್ನ ಸಂವಿಧಾನದಲ್ಲಿ ಕೊಟ್ಟಂಥ ರಕ್ಷಣೆಯನ್ನು ನಮ್ಮ ಸಂವಿಧಾನಕರ್ತರು ಕೊಟ್ಟಿಲ್ಲವೆಂದೂ ಹೇಳಿತು. ನವೆಂಬರಿನಲ್ಲಿ, ರಾಜಧಾನಿಯಾಗಿದ್ದ ಕರ್ನೂಲಿನಲ್ಲಿ ಟಂಗುಟೂರಿ ಪ್ರಕಾಶಂ ಪಂತುಲು ಅವರ ಸರ್ಕಾರವು ಒಂದೇ ಒಂದು ಮತದಿಂದ ಉರುಳಿತು; ಪಾನನಿರೋಧವನ್ನು ತೆಗೆದುಹಾಕಬೇಕೆಂದು ರಾಮಮೂರ್ತಿ ಸಮಿತಿ ಕೊಟ್ಟ ವರದಿಯ ಮೇಲೆ ಎದ್ದ ವಿವಾದವೇ ಅದಕ್ಕೆ ನಿಮಿತ್ತ. ಹೆಂಡದ ಗಡಿಗೆಯನ್ನು ಹುಡುಕುವ ಕಾನೂನು ಸರ್ಕಾರವನ್ನೇ ಬೀಳಿಸಬಲ್ಲದೆಂಬುದನ್ನು ಈ ಜಿಲ್ಲೆಯು ಕಣ್ಣಾರೆ ಕಂಡಿತು. ಆದರೂ ಝಡತಿಯ ನಿಯಮಗಳನ್ನು ಮುರಿದರೆ ಆಗುವುದೇನೆಂಬ ಪ್ರಶ್ನೆಗೆ ಆ ದಶಕಗಳ ಉತ್ತರ ಒಂದೇ ಆಗಿತ್ತು: ಏನೂ ಆಗುವುದಿಲ್ಲ. ಶೋಧನೆ ಅಕ್ರಮವಾದರೂ ಸಿಕ್ಕಿದ ವಸ್ತು ಸಾಕ್ಷ್ಯವೇ. ಹೆಚ್ಚೆಂದರೆ ಅದನ್ನು ಎಚ್ಚರದಿಂದ ಪರೀಕ್ಷಿಸಬೇಕು, ಅಷ್ಟೇ.

ಈ ಉತ್ತರವು ಬದಲಾದದ್ದು ಶಿಕ್ಷೆ ಘೋರವಾದಾಗ. 1985ರ ನವೆಂಬರು 14ರಂದು ಜಾರಿಗೆ ಬಂದ ಮಾದಕದ್ರವ್ಯಗಳ ಕಾಯಿದೆಯು ಹಳೆಯ ಅಫೀಮು ಕಾಯಿದೆಗಳನ್ನೂ 1930ರ ಅಪಾಯಕರ ದ್ರವ್ಯಗಳ ಕಾಯಿದೆಯನ್ನೂ ರದ್ದುಮಾಡಿತು. ಆದರೆ ಅವುಗಳ ಮಾತುಗಳನ್ನು ಮಾತ್ರ 42ನೆಯ ಕಲಮಿನಲ್ಲಿ ಭದ್ರವಾಗಿ ಇಟ್ಟುಕೊಂಡಿತು. ಜವಾನ, ಸಿಪಾಯಿ, ಕಾನ್‌ಸ್ಟೇಬಲರಿಗಿಂತ ಮೇಲಿನ ದರ್ಜೆ, ಸ್ವಂತ ತಿಳಿವಳಿಕೆ ಅಥವಾ ಬರಹದಲ್ಲಿ ಇಳಿಸಿಕೊಂಡ ಸುಳಿವು, ಸೂರ್ಯೋದಯ, ಸೂರ್ಯಾಸ್ತ. ರಾತ್ರಿ ಹೊಗಬೇಕಾದರೆ ನಂಬಿಕೆಯ ಕಾರಣಗಳನ್ನು ಮೊದಲೇ ಬರೆದಿಡಬೇಕೆಂಬುದೂ ಅದರಲ್ಲಿ ಉಂಟು. ಇದಕ್ಕೆ ಹಿಂದಿನ ವರ್ಷವೇ ಆಂಧ್ರಪ್ರದೇಶದಲ್ಲಿ ಎನ್. ಟಿ. ರಾಮರಾಯರ ಸರ್ಕಾರವು ವಂಶಪಾರಂಪರ್ಯದ ಕರಣಂ, ಮುನಸೀಬುಗಿರಿಗಳನ್ನು ರದ್ದುಮಾಡಿದ್ದರಿಂದ, ನೂರು ವರ್ಷಗಳ ಕಾಲ ಮಹಜರಿಗೆ ರುಜು ಹಾಕಿದ ವರ್ಗವೇ ಹುದ್ದೆಯಿಂದ ಮರೆಯಾಗಿತ್ತು. ಅವರ ಜಾಗದಲ್ಲಿ ಕಂದಾಯ ಇಲಾಖೆಯ ಸಂಬಳದ ನೌಕರರು ಮಧ್ಯವರ್ತಿಗಳೆಂಬ ಹೆಸರಿನಿಂದ ಬಂದು ನಿಂತರು.

ಮುಂದಿನ ತೀರ್ಪುಗಳ ಸರಣಿಯನ್ನು ವಕೀಲರು ಬಲ್ಲರು. ಇತರರಿಗೆ ಸಂಕ್ಷೇಪವಾಗಿ ಹೇಳಿದರೆ ಸಾಕು. ಮೈ ತಡವುವುದಕ್ಕೆ ಮುನ್ನ 50ನೆಯ ಕಲಮಿನ ಹಕ್ಕನ್ನು ತಿಳಿಸಲೇಬೇಕೆಂದು 1999ರಲ್ಲಿ ಬಲದೇವ ಸಿಂಗ್ ಪ್ರಕರಣದ ಸಂವಿಧಾನಪೀಠವೂ, ಅದು ಕಟ್ಟುನಿಟ್ಟಾಗಿ ನಡೆಯಬೇಕೆಂದು 2010ರಲ್ಲಿ ಇನ್ನೊಂದು ಸಂವಿಧಾನಪೀಠವೂ ಸಾರಿದುವು. ದೂರು ಕೊಟ್ಟವನೇ ತನಿಖೆ ಮಾಡಕೂಡದೆಂದು 2018ರಲ್ಲಿ ಬಂದ ಮಾತನ್ನು 2020ರ ಆಗಸ್ಟಿನಲ್ಲಿ ದೊಡ್ಡ ಪೀಠವು ಹಿಂದಕ್ಕೆ ತೆಗೆದುಕೊಂಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ತೂಫಾನ್ ಸಿಂಗ್ ಪ್ರಕರಣದಲ್ಲಿ, ಈ ಕಾಯಿದೆಯ ಅಧಿಕಾರಿಗಳೂ ಪೋಲೀಸು ಅಧಿಕಾರಿಗಳೇ, ಅವರ ಮುಂದಿನ ತಪ್ಪೊಪ್ಪಿಗೆಯೂ ನಿಷಿದ್ಧವೇ ಎಂದು ಇಬ್ಬರು ನ್ಯಾಯಮೂರ್ತಿಗಳು ಒಬ್ಬರ ಭಿನ್ನಮತದ ಮೇಲೆ ತೀರ್ಮಾನಿಸಿದರು. ಕಿಟ್ಟಿಯ ಕಾಲದ ಸಂಶಯವು ನೂರರುವತ್ತೈದು ವರ್ಷ ಬಾಳಿತು. 1954ರ ಎಂಟು ಜನರ ಮಾತನ್ನು, ಖಾಸಗಿತನವು ಮೂಲಭೂತ ಹಕ್ಕಲ್ಲವೆಂಬಷ್ಟರ ಮಟ್ಟಿಗೆ, 2017ರ ಆಗಸ್ಟು 24ರಂದು ಒಂಬತ್ತು ಜನರ ಪೀಠವು ತಳ್ಳಿಹಾಕಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು.

ಗಡಿಸೀಮೆಗೆ ವಿಶಿಷ್ಟವಾದ ಒಂದು ತೊಡಕನ್ನು ಇಲ್ಲಿ ಹೇಳದಿರಲಾರೆ. ಹಕ್ಕನ್ನು ತಿಳಿಸಬೇಕೆಂದರೆ ಅದು ಆರೋಪಿಗೆ ತಿಳಿಯುವಂತಿರಬೇಕು. ಆಂಧ್ರದ ಠಾಣೆಯಲ್ಲಿ ಕಾಗದವು ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಸಿದ್ಧವಾಗುತ್ತದೆ. ಹೊಳಗುಂದದ ಕಡೆಯ ಕುರಿಗಾಹಿಯೊಬ್ಬನು ತೆಲುಗನ್ನು ಸಂತೆಯಲ್ಲಿ ಆಡಬಲ್ಲನಾದರೂ ಓದಲಾರ, ಕನ್ನಡವನ್ನು ಮನೆಯಲ್ಲಿ ಆಡುವನಾದರೂ ಅದನ್ನೂ ಬರೆಯಲಾರ. ಅವನ ಹೆಬ್ಬೆಟ್ಟಿನ ಮೇಲುಗಡೆ, ನನಗೆ ಹಕ್ಕು ತಿಳಿಯಿತು, ಮ್ಯಾಜಿಸ್ಟ್ರೇಟರು ಬೇಡ, ನೀವೇ ಶೋಧಿಸಿ ಎಂಬ ಸಮ್ಮತಿಯು ಸುಲಲಿತವಾದ ಗ್ರಾಂಥಿಕ ವಾಕ್ಯಗಳಲ್ಲಿ ಬರೆದಿದ್ದರೆ, ಅದು ಅವನ ಮಾತೆಂದು ಒಪ್ಪುವುದು ನನಗಂತೂ ಕಷ್ಟ. ಚತುರನಾದ ವಕೀಲನಿಗೆ ಅದೊಂದೇ ಕಾಗದವು ಅರ್ಧ ದಿನದ ಸವಾಲಿಗೆ ಸಾಕು.

ಆದರೆ ವ್ಯಾಪಾರವು ಕಾನೂನಿಗಿಂತ ಬೇಗನೆ ನಡೆಯುತ್ತದೆ. 1878ರ ಕಾಯಿದೆ ಕಂಡದ್ದು ಮನೆಯಲ್ಲಿ ಬಚ್ಚಿಟ್ಟ ಮಾಲನ್ನು. ಇಂದಿನ ಗಾಂಜಾ ವಿಶಾಖಪಟ್ಟಣ ಸೀಮೆಯ ಮಲೆಗಳಿಂದ ಚೀಲಗಳಲ್ಲಿ ಹೊರಟು ರಸ್ತೆಯ ಮೇಲೆ, ರೈಲಿನ ಮೇಲೆ ಸಾಗುವುದು. ಮದರಾಸಿನಿಂದ ರಾಯಚೂರಿಗೆ 1871ರಲ್ಲಿ ಪೂರ್ತಿಯಾದ ದಾರಿಯು ಆದವಾನಿಯ ಮೇಲೆಯೇ ಹಾದಿದೆ. ರೈಲುನಿಲ್ದಾಣವು ಸಾರ್ವಜನಿಕ ಸ್ಥಳ; ಅಲ್ಲಿ ಹಿಡಿದರೆ ಅನ್ವಯಿಸುವುದು 43ನೆಯ ಕಲಮು, ಅಂದರೆ ಹಳೆಯ 15ನೆಯದರ ಮರಿಮಗ; ಸುಳಿವನ್ನು ಬರೆದಿಡುವ ಕಟ್ಟಳೆಯೂ ಹೊತ್ತಿನ ಕಟ್ಟಳೆಯೂ ಅಲ್ಲಿಲ್ಲ. ಚೀಲವು ಮೈಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2005ರಿಂದಲೂ ಹೇಳುತ್ತ ಬಂದು 2023ರಲ್ಲಿ ಮತ್ತೆ ದೃಢಪಡಿಸಿರುವುದರಿಂದ, ಚೀಲದಲ್ಲಿ ಮಾತ್ರ ಮಾಲು ಸಿಕ್ಕಿದವನಿಗೆ ಬಂದರಿನ ಆ ಹಳೆಯ ಸೌಜನ್ಯವೂ ದೊರೆಯದು. ಬಸ್ಸಿನಲ್ಲಿ ಹೋಗುವವನಿಗಿಂತ ಸ್ವಂತ ಜೀಪಿನಲ್ಲಿ ಹೋಗುವವನು ಈ ಮಟ್ಟಿಗೆ ಭಾಗ್ಯಶಾಲಿ. ಖಾಸಗಿ ವಾಹನವು ಸಾರ್ವಜನಿಕ ಸ್ಥಳವಲ್ಲವೆಂದು 2021ರಲ್ಲಿ ತೀರ್ಪಾಗಿರುವುದರಿಂದ ಅವನಿಗೆ 42ನೆಯ ಕಲಮಿನ ಆಸರೆ ಇನ್ನೂ ಉಂಟು. ಹೀಗೆ ಹಳೆಯ ಷರತ್ತುಗಳೆಲ್ಲ ಜೀಪುಳ್ಳವನ ಕಡೆಗೆ ಸರಿದುಹೋಗಿ, ಚೀಲ ಹೊತ್ತ ಕೂಲಿಯವನ ಪರವಾದ ವಕೀಲನಿಗೆ ಉಳಿದಿರುವುದು ತೂಕದ ವಾದ. ಒಂದು ಕಿಲೋವರೆಗೆ ಅಲ್ಪಪ್ರಮಾಣ. ಇಪ್ಪತ್ತು ಕಿಲೋ ಮೀರಿದರೆ ವಾಣಿಜ್ಯಪ್ರಮಾಣವಾಗಿ ಹತ್ತು ವರ್ಷಕ್ಕೆ ಕಡಮೆಯಿಲ್ಲದ ಸೆರೆ, ಜಾಮೀನೂ ದುರ್ಲಭ. ಆದುದರಿಂದ ಇಪ್ಪತ್ತೆರಡು ಕಿಲೋ ತೂಗಿದ ಚೀಲದಲ್ಲಿ ತೆನೆ ಎಷ್ಟು, ಬರಿಯ ಎಲೆ, ಕಡ್ಡಿ, ಬೀಜ ಎಷ್ಟು, ಬೇರ್ಪಡಿಸಿ ತೂಗಿದರೇ, ಗೋಣಿಯ ತೂಕವನ್ನು ಕಳೆದರೇ, ಮಾದರಿಯನ್ನು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ತೆಗೆದರೇ ಎಂದು ಅವನು ಒಂದೊಂದಾಗಿ ಕೇಳುತ್ತಾನೆ. 2024ರ ಜುಲೈಯಿಂದ ದಂಡಪ್ರಕ್ರಿಯೆಯ ಹೊಸ ಸಂಹಿತೆಯು ಶೋಧನೆಯ ದೃಶ್ಯ, ಧ್ವನಿಗಳನ್ನು ಚಿತ್ರೀಕರಿಸಬೇಕೆಂದು ವಿಧಿಸಿರುವುದರಿಂದ, ತಕ್ಕಡಿಯ ಮುಳ್ಳು ಆ ಚಿತ್ರದಲ್ಲಿ ಕಾಣುತ್ತದೆಯೇ ಎಂದೂ ಕೇಳತೊಡಗಿದ್ದಾನೆ.